ಹಾಲಿ ಸಿಕ್ಕಾ, ಕಲ್ದಾರ, ಖೊಟ್ಟಿ: ಹಳೆ ನಾಣ್ಯದ ಮುಖ ಓದುವುದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತನಾಡಿದವರು ಶಹಾಪುರದ ನಿವೃತ್ತ ಶಿಕ್ಷಕರು, ಹವ್ಯಾಸಿ ನಾಣ್ಯ ಸಂಗ್ರಹಕಾರರು.)



ಹೋದ ದೀಪಾವಳಿ ಆದ ಮೂರನೇ ದಿನ ಸುರಪುರ ಕಡೆಯ ಹಳ್ಳಿಯೊಂದರಿಂದ ಒಬ್ಬ ಹುಡುಗ ನನ್ನ ಮನೆಗೆ ಬಂದ. ಕೈಯಲ್ಲಿ ಒಂದು ಬಟ್ಟೆ ಗಂಟು. ಜೊತೆಗೆ ಅವನ ತಾಯಿ. ಗಂಟು ಬಿಚ್ಚಿದರೆ ಹದಿನೇಳು ರೂಪಾಯಿ ನಾಣ್ಯ. ಅವನ ಅಜ್ಜಿಯ ಸಂದೂಕದಲ್ಲಿ ಇದ್ದವಂತೆ. ಫೋಟೊ ತೆಗೆದು ಯಾವುದೋ ಗ್ರೂಪಿಗೆ ಹಾಕಿದ್ದಾನೆ. ಅರ್ಧ ಗಂಟೆಯಲ್ಲಿ ಫೋನು. 'ನಿಮ್ಮ ಒಂದು ನಾಣ್ಯದಲ್ಲಿ ಟಂಕಸಾಲೆಯ ದೋಷ ಇದೆ. ಎಂಟು ಲಕ್ಷ ಕೊಡ್ತೀವಿ. ಮೊದಲು ನೋಂದಣಿ ಶುಲ್ಕ ಕಳಿಸಿ' ಅಂತ. ನಾಲ್ಕು ಸಾವಿರದ ಇನ್ನೂರು ರೂಪಾಯಿ ಕಳಿಸಿಯೂ ಬಿಟ್ಟಿದ್ದಾನೆ. ಈಗ ತೆರಿಗೆ ಅಂತ ಇನ್ನೂ ಹನ್ನೆರಡು ಸಾವಿರ ಕೇಳ್ತಿದ್ದಾರೆ. ಅಕ್ಕನ ಮದುವೆ ಎದುರಿಗಿದೆ. 'ಸಾಲ ಮಾಡಿ ಕಳಿಸಲೇನ್ರೀ ಸರ?' ಅಂತ ಕೇಳಲಿಕ್ಕೆ ಬಂದವ ಅವನು.

ಇವತ್ತಿನ ಮಾತು ಆ ಹದಿನೇಳು ನಾಣ್ಯಗಳದ್ದು. ಒಂದೊಂದೇ ತೆಗೆದು ನೋಡಿದಾಗ ಏನು ಕಂಡಿತು, ಟಂಕಸಾಲೆಯ ನಿಜವಾದ ತಪ್ಪು ಯಾವುದು, ಆಮೇಲೆ ಮನುಷ್ಯ ಮಾಡಿದ ಕೈವಾಡ ಯಾವುದು, ಇವೆರಡನ್ನ ಬೇರೆ ಮಾಡೋದು ಹೇಗೆ, ಅಂತ ಹೇಳ್ತೀನಿ. ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಕಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಸರಾಫರ ಬಳಿ ಇರುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಅಯಸ್ಕಾಂತ, ಒಂದು ಮೇಜಿನ ದೀಪ. ಇಷ್ಟಿದ್ದರೆ ಸಾಕು. ಜೊತೆಗೆ ಸ್ವಲ್ಪ ತಾಳ್ಮೆ.

ನಮ್ಮ ಕಡೆ ಎರಡು ರೂಪಾಯಿ ನಡೀತಿದ್ದವು

ಮೊದಲು ಒಂದು ಮಾತು. ಯಾದಗಿರಿ, ಶಹಾಪುರ, ಸುರಪುರದ ಹಳೆ ಮನೆಗಳಲ್ಲಿ ಸಿಗೋ ನಾಣ್ಯ ಹಳೆ ಮೈಸೂರಿನ ಕಡೆ ಸಿಗೋದಕ್ಕಿಂತ ಬೇರೆ. ಯಾಕಂದ್ರೆ ನಾವು ನಿಜಾಮರ ಸೀಮೆ. ಸುರಪುರದ ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದದ್ದು ನಿಮಗೆಲ್ಲ ಗೊತ್ತು. ಅದಾದ ಎರಡು ವರ್ಷಕ್ಕೆ, 1860ರಲ್ಲಿ, ಸಂಸ್ಥಾನ ನಿಜಾಮರ ಕೈ ಸೇರಿತು. ನಿಜಾಮರಿಗೆ ತಮ್ಮದೇ ನಾಣ್ಯ ಇತ್ತು. ಅದಕ್ಕೆ 'ಹಾಲಿ ಸಿಕ್ಕಾ' ಅಂತ ಹೆಸರು. ಬ್ರಿಟಿಷರ ರೂಪಾಯಿಗೆ ನಮ್ಮ ಹಿರಿಯರು 'ಕಲ್ದಾರ' ಅಂತಿದ್ದರು. ಕಲ್ ಅಂದ್ರೆ ಯಂತ್ರ. ಯಂತ್ರದಲ್ಲಿ ಹೊಡೆದ ರೂಪಾಯಿ ಅಂತ ಅರ್ಥ. 1871ರಲ್ಲಿ ರೈಲು ಯಾದಗಿರಿ ದಾಟಿ ರಾಯಚೂರಿಗೆ ಹೋದ ಮೇಲೆ ಹತ್ತಿ ವ್ಯಾಪಾರದ ಜೊತೆ ಕಲ್ದಾರವೂ ಬಂತು. ಸುಮಾರಾಗಿ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ಲೆಕ್ಕ. ಅದಕ್ಕೇ ನಮ್ಮ ಅಜ್ಜಿಯರ ಸಂದೂಕದಲ್ಲಿ ಎರಡೂ ಕೂಡಿಯೇ ಇರ್ತಾವೆ.

ಈ ಹುಡುಗನ ಗಂಟಿನಲ್ಲೂ ಹಾಗೇ. ಹತ್ತು ಚಾರ್‌ಮಿನಾರ್ ರೂಪಾಯಿ, ಮೂರು ಕಲ್ದಾರ, ಕೈಯಿಂದ ಹೊಡೆದ ಒಂದು ಹಳೆ ರೂಪಾಯಿ. ಉಳಿದ ಮೂರರ ಕಥೆ ಆಮೇಲೆ.

ತೂಕ ಸುಳ್ಳು ಹೇಳೋದಿಲ್ಲ

ನಾನು ಯಾವ ನಾಣ್ಯದ ಮುಖವನ್ನೂ ಮೊದಲು ನೋಡೋದಿಲ್ಲ. ಮೊದಲು ತೂಗ್ತೀನಿ. ಕಲ್ದಾರ ರೂಪಾಯಿ 11.66 ಗ್ರಾಂ. ಅಂದ್ರೆ ಸರಿಯಾಗಿ ಒಂದು ತೊಲ. ತೊಲದ ಬಟ್ಟು ಇಲ್ಲದಿದ್ದರೆ ಸರಾಫರು ರೂಪಾಯಿಯನ್ನೇ ತಕ್ಕಡಿಗೆ ಹಾಕ್ತಿದ್ದರು. ಚಾರ್‌ಮಿನಾರ್ ರೂಪಾಯಿ 11.18 ಗ್ರಾಂ. ಸವೆದಿದ್ದರೆ ಒಂದೆರಡು ಕಾಳು ಕಡಿಮೆ ಬಂದೀತು. ಆದರೆ ಸವೆಯದೆ ಹೊಸದರಂತೆ ಕಾಣುವ ನಾಣ್ಯ ಹತ್ತು ಗ್ರಾಂ ತೂಗಿದರೆ ಸಂಶಯ ಪಡಬೇಕು.

ಆಮೇಲೆ ನೀರಿನ ಪರೀಕ್ಷೆ. ಒಂದು ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ನಾಣ್ಯಕ್ಕೆ ಸಣ್ಣ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಲೋಟದ ಗೋಡೆಗಾಗಲಿ ತಾಗಬಾರದು. ಈಗ ತಕ್ಕಡಿ ಒಂದು ಸಂಖ್ಯೆ ತೋರಿಸ್ತದೆ. ನಾಣ್ಯದ ತೂಕವನ್ನ ಆ ಸಂಖ್ಯೆಯಿಂದ ಭಾಗಿಸಿ. ಕಲ್ದಾರದಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅದು ಸುಮಾರು 1.13 ತೋರಿಸ್ತದೆ. ಭಾಗಿಸಿದರೆ 10.3. ಚಾರ್‌ಮಿನಾರ್ ರೂಪಾಯಿಯಲ್ಲಿ ಬೆಳ್ಳಿ 81.8 ಪಾಲು. ಅದು 1.10 ತೋರಿಸಿ 10.2ರ ಹತ್ತಿರ ಬರ್ತದೆ. ಹಿತ್ತಾಳೆಗೋ ಜರ್ಮನ್ ಸಿಲ್ವರಿಗೋ ಮುಲಾಮು ಹಾಕಿದ ಖೊಟ್ಟಿ ನಾಣ್ಯ ಆದರೆ ಒಂಬತ್ತನ್ನೂ ಮುಟ್ಟೋದಿಲ್ಲ. ಹಾಗಂತ ಎಲ್ಲಾ ರೂಪಾಯಿಗೂ ಒಂದೇ ಅಳತೆ ಹಿಡಿಯಬೇಡಿ. 1940ರ ನಂತರ ಯುದ್ಧದ ಕಾಲದಲ್ಲಿ ಕಲ್ದಾರದ ಬೆಳ್ಳಿಯನ್ನ ಅರ್ಧಕ್ಕೆ ಇಳಿಸಿದ್ದರು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಅಯಸ್ಕಾಂತಕ್ಕೆ ಅಂಟ್ತದೆ, ಆದರೂ ಅಸಲಿ. ಅಂಟಿತು ಅಂತ ಅದನ್ನ ಖೊಟ್ಟಿ ಅಂತ ಎಸೆದವರನ್ನ ನಾನು ನೋಡಿದ್ದೀನಿ.

ಹದಿನೇಳರಲ್ಲಿ ಎರಡು ಇಲ್ಲೇ ಸಿಕ್ಕಿಬಿದ್ದವು. ಒಂದು 9.4 ಗ್ರಾಂ. ಮೈಮೇಲೆ ಸಣ್ಣ ಸಣ್ಣ ಗುಳಿ, ಅಕ್ಷರಗಳೆಲ್ಲ ಸೋಪು ಕರಗಿದ ಹಾಗೆ ಮೊಂಡು. ಅಂಚಿನ ಸುತ್ತ ಸಣ್ಣ ಗೆರೆಯೊಂದು ಓಡಿತ್ತು. ಅದು ಎರಕದ ನಾಣ್ಯ. ಎರಡು ಹೋಳಿನ ಅಚ್ಚಿನಲ್ಲಿ ಲೋಹ ಸುರಿದಾಗ ಗಾಳಿಗುಳ್ಳೆ ಉಳಿದು ಗುಳಿಯಾಗ್ತದೆ, ಹೋಳು ಕೂಡಿದ ಕಡೆ ಗೆರೆ ಬೀಳ್ತದೆ. ಇನ್ನೊಂದರ ಅಂಚಿನಲ್ಲಿ ಯಾರೋ ಉಳಿಯಿಂದ ಕಚ್ಚು ಹಾಕಿ ನೋಡಿದ್ದರು. ಕಚ್ಚಿನೊಳಗೆ ಕೆಂಪು ತಾಮ್ರ ಇಣುಕ್ತಿತ್ತು.

'ಇವು ಇವತ್ತಿನ ಮೋಸ ಅಲ್ಲ ತಮ್ಮಾ' ಅಂದೆ. 'ನಿಮ್ಮ ಮುತ್ಯಾನ ಕಾಲದಲ್ಲೇ ಯಾರೋ ಇವನ್ನ ಅಸಲಿ ರೂಪಾಯಿ ಅಂತ ದಾಟಿಸಿದ್ದಾರೆ.' ತಾಯಿ ಸುಮ್ಮನೆ ನಕ್ಕರು. 'ನಮ್ಮ ಅತ್ತಿ ಹೇಳ್ತಿದ್ದರ್ರೀ ಮಾಸ್ತರ್ರೇ, ಒಂದು ವರ್ಷ ಹತ್ತಿ ಮಾರಿದ ರೊಕ್ಕದಾಗ ಖೊಟ್ಟಿ ಬಂದಿದ್ದವಂತ' ಅಂದರು. ಅತ್ತೆ ಆ ಎರಡನ್ನೂ ಎಸೆಯಲಿಲ್ಲ. ಮತ್ತೊಬ್ಬರಿಗೆ ದಾಟಿಸಲೂ ಇಲ್ಲ. ಸಂದೂಕದಲ್ಲೇ ಇಟ್ಟುಕೊಂಡಿದ್ದರು.

ಉಬ್ಬು ಟಂಕಸಾಲೆಯದು, ತಗ್ಗು ನಮ್ಮದು

ಈಗ ಮುಖ್ಯ ಮಾತಿಗೆ ಬರೋಣ. ನಾಣ್ಯ ಹೇಗೆ ಹುಟ್ಟುತ್ತದೆ ಅಂತ ತಿಳಿದರೆ ಅದರ ತಪ್ಪು ತಾನೇ ತಿಳೀತದೆ. ಒಂದು ಲೋಹದ ಬಿಲ್ಲೆ. ಕೆಳಗೆ ಒಂದು ಅಚ್ಚು, ಮೇಲೆ ಒಂದು ಅಚ್ಚು. ಮಧ್ಯೆ ಬಿಲ್ಲೆ ಇಟ್ಟು ಏಟು ಹಾಕಿದರೆ ಎರಡೂ ಕಡೆ ಮುದ್ರೆ. ಮೊದಲೆಲ್ಲ ಆ ಏಟು ಸುತ್ತಿಗೆಯದು. ಹೈದರಾಬಾದಿನ ಸೈಫಾಬಾದಿನಲ್ಲಿ 1903ರಲ್ಲಿ ಯಂತ್ರದ ಟಂಕಸಾಲೆ ಬಂದ ಮೇಲೆ ಚಾರ್‌ಮಿನಾರ್ ರೂಪಾಯಿಗಳು ಒಂದೇ ಅಳತೆಯಲ್ಲಿ, ಗೀರು ಅಂಚಿನೊಂದಿಗೆ ಬರತೊಡಗಿದವು.

ಅಚ್ಚಿನಲ್ಲಿ ಚಿತ್ರ ತಗ್ಗಾಗಿರ್ತದೆ, ನಾಣ್ಯದ ಮೇಲೆ ಅದು ಉಬ್ಬಾಗಿ ಬರ್ತದೆ. ಹೌದಲ್ಲ? ಹಾಗಾದರೆ ಅಚ್ಚು ಬಿರುಕು ಬಿಟ್ಟರೆ ಏನಾಗ್ತದೆ? ಆ ಬಿರುಕಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಒಂದು ಉಬ್ಬು ಗೆರೆ ಮೂಡ್ತದೆ. ಅಚ್ಚಿಗೆ ಗೀರು ಬಿದ್ದರೂ ಹಾಗೇ, ಉಬ್ಬು ಗೆರೆ. ಆದರೆ ನಾಣ್ಯ ಹೊರಬಂದ ಮೇಲೆ ನೆಲಕ್ಕೆ ಬಿದ್ದು, ಮೊಳೆ ತಾಗಿ, ಚಾಕು ಆಡಿ ಬಿದ್ದ ಗೀರು ಯಾವತ್ತೂ ತಗ್ಗೇ. ಅದಕ್ಕೇ ನಾನು ಹುಡುಗರಿಗೆ ಹೇಳಿಕೊಡೋದು ಇಷ್ಟೇ: ಉಬ್ಬು ಟಂಕಸಾಲೆಯದು, ತಗ್ಗು ನಮ್ಮದು. ಉಗುರಿನಿಂದ ಸವರಿ ನೋಡಬೇಡಿ. ದೀಪವನ್ನ ಪಕ್ಕದಿಂದ ಹಿಡಿದು ನೆರಳು ಯಾವ ಕಡೆ ಬೀಳ್ತದೆ ನೋಡಿ. ನೂರಕ್ಕೆ ಎಂಬತ್ತು ಸಂಶಯ ಇಲ್ಲೇ ಮುಗೀತದೆ.

ಟಂಕಸಾಲೆಯ ಬೇರೆ ತಪ್ಪುಗಳೂ ಇವೆ. ಬಿಲ್ಲೆ ಸರಿಯಾಗಿ ಕೂರದೆ ಮುದ್ರೆ ಒಂದು ಬದಿಗೆ ಸರಿಯೋದು. ಬಿಲ್ಲೆ ಹೊರಹೋಗದೆ ಎರಡನೇ ಏಟು ತಿಂದು ಅಕ್ಷರದ ಮೇಲೆ ಅಕ್ಷರ ಬೀಳೋದು. ಅಚ್ಚಿನೊಳಗೆ ಗ್ರೀಸು, ಕಸ ತುಂಬಿಕೊಂಡು ಒಂದು ಅಕ್ಷರ ಮಾಯವಾಗೋದು. ಅಕ್ಷರ ಮಾಯವಾದ ಜಾಗವನ್ನ ಭೂತಗನ್ನಡಿಯಲ್ಲಿ ನೋಡಿ. ಸುತ್ತಲಿನ ಮೈ ಹೇಗಿದೆಯೋ ಅದೂ ಹಾಗೇ ಇದ್ದರೆ ಟಂಕಸಾಲೆಯ ತಪ್ಪು. ಅಲ್ಲಿ ಮಾತ್ರ ಸಣ್ಣ ಸಣ್ಣ ಗೀರು, ಮೈ ಸ್ವಲ್ಪ ತಗ್ಗು ಅಂತ ಕಂಡರೆ ಯಾರೋ ಅರ ಹಾಕಿ ಉಜ್ಜಿದ್ದಾರೆ ಅಂತ ಲೆಕ್ಕ.

ಲೋಹದ ಹಾಳೆಯಿಂದ ಬಿಲ್ಲೆ ಕತ್ತರಿಸುವಾಗ ಯಂತ್ರ ಹಿಂದೆ ಕತ್ತರಿಸಿದ ತೂತಿನ ಮೇಲೇ ಕೂತರೆ ಒಂದು ಬದಿ ಹುಣ್ಣಿಮೆ ದಾಟಿದ ಚಂದ್ರನ ಹಾಗೆ ಕಡಿದ ಬಿಲ್ಲೆ ಬರ್ತದೆ. ಇದನ್ನ ಕತ್ತರಿಯಿಂದಲೂ ಮಾಡಬಹುದಲ್ಲ ಅಂತೀರಿ. ಮಾಡ್ತಾರೆ ಕೂಡ. ಆದರೆ ಟಂಕಸಾಲೆಯಲ್ಲಿ ಕಡಿದ ಬಿಲ್ಲೆಯಲ್ಲಿ ಕಡಿತದ ಸರಿ ಎದುರು ಬದಿಯ ಅಂಚು ಮಸುಕಾಗಿರ್ತದೆ. ಯಾಕಂದ್ರೆ ಅಂಚು ಎಬ್ಬಿಸುವಾಗ ಆ ಕಡೆ ಒತ್ತಡ ಸಿಕ್ಕಿರೋದಿಲ್ಲ. ಕತ್ತರಿ ಹಾಕಿದವನಿಗೆ ಎದುರು ಬದಿಯನ್ನ ಮಸುಕು ಮಾಡಬೇಕು ಅನ್ನೋ ನೆನಪು ಇರೋದಿಲ್ಲ.

ಕೈಯಿಂದ ಹೊಡೆದ ಹಳೆ ರೂಪಾಯಿಗೆ ಮಾತ್ರ ಈ ಯಾವ ಅಳತೆಯೂ ಹೊಂದೋದಿಲ್ಲ. ಅಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದು. ಅರ್ಧ ಬರಹ ಬಿಲ್ಲೆಯ ಮೇಲೆ, ಇನ್ನರ್ಧ ಗಾಳಿಗೆ. ಮುದ್ರೆ ಸರಿದಿರೋದು, ಅಂಚು ಬಿರಿದಿರೋದು ಅದರ ಹುಟ್ಟುಗುಣ. ಅದನ್ನ 'ಎರರ್ ಕಾಯಿನ್' ಅಂತ ಮಾರೋರು ಕೇಳೋರಿಗೆ ಗೊತ್ತಿಲ್ಲ ಅಂತ ಮಾರ್ತಾರೆ. ಹುಡುಗನ ಗಂಟಿನ ಹಳೆ ರೂಪಾಯಿಯ ಮೇಲೆ ಹೂವು, ಚುಕ್ಕೆಯ ಆಕಾರದ ಸಣ್ಣ ಸಣ್ಣ ತಗ್ಗು ಗುರುತು ಐದಾರು ಇದ್ದವು. ಅವು ಸರಾಫರ ಮುದ್ರೆ. ಬೆಳ್ಳಿ ಒಳಗಿನವರೆಗೂ ಇದೆಯೋ ಅಂತ ಪರೀಕ್ಷಿಸಿ ಹೊಡೆದದ್ದು. ಸಂಗ್ರಹಕಾರರ ಕಣ್ಣಿಗೆ ಅವು ಬೆಲೆ ಇಳಿಸ್ತಾವೆ. ನನಗೆ ಮಾತ್ರ ಅವು ಹಳೆ ಬಜಾರದ ಸಹಿಯಂತೆ ಕಾಣ್ತಾವೆ. ಅದರ ಮೇಲೆ ಉರ್ದು ಅಂಕಿಯಲ್ಲಿ 92 ಅಂತಿತ್ತು. ಅದು ಇಸವಿ ಅಂತ ಮನೆಯವರು ತಿಳಿದಿದ್ದರು. ಅಲ್ಲ. 1857ರ ದಂಗೆಯ ನಂತರ ಮೊಘಲ್ ಬಾದಶಹನ ಹೆಸರು ತೆಗೆದು ನಿಜಾಮರು ಆಸಫ್ ಜಾಹ್ ಎಂಬ ಬಿರುದನ್ನ ಹಾಕಿಸಿದರು. ಅದರ ಜೊತೆಗೆ ಈ 92. ಅಕ್ಷರಗಳಿಗೆ ಅಂಕಿ ಹಚ್ಚುವ ಪದ್ಧತಿಯಲ್ಲಿ ಮುಹಮ್ಮದ್ ಎಂಬ ಹೆಸರಿನ ಮೊತ್ತ ಅದು.

ಎಂಟು ಲಕ್ಷದ ಚುಕ್ಕೆ

ಫೋನಿನವನು ಎಂಟು ಲಕ್ಷ ಹೇಳಿದ್ದು ಯಾವುದಕ್ಕೆ ಗೊತ್ತಾ? 1862 ಅಂತ ಬರೆದ ವಿಕ್ಟೋರಿಯಾ ರಾಣಿಯ ಕಲ್ದಾರಕ್ಕೆ. ಇಸವಿಯ ಆಸುಪಾಸಿನಲ್ಲಿ ಸಣ್ಣ ಚುಕ್ಕೆಗಳಿವೆ, ಅದು ದೋಷ ಅಂತ ಅವನ ವಾದ. ನೋಡ್ರಿ, ಆ ರೂಪಾಯಿಯನ್ನ 1862 ಅನ್ನೋ ಒಂದೇ ಇಸವಿ ಹಾಕಿ 1874ರವರೆಗೂ ಹೊಡೆದರು. ಯಾವ ವರ್ಷದ್ದು ಅಂತ ಟಂಕಸಾಲೆಯವರೇ ಗುರುತಿಗೆ ಚುಕ್ಕೆ ಇಟ್ಟರು. ಉಬ್ಬು ಚುಕ್ಕೆ, ಬೇಕಂತಲೇ ಇಟ್ಟದ್ದು. ಗಂಟಿನಲ್ಲಿ ಅಂಥವು ಎರಡಿದ್ದವು. ಎರಡೂ ಅಸಲಿ, ಎರಡೂ ಸಾಮಾನ್ಯ.

ಈಗಿನ ನಾಣ್ಯದಲ್ಲೂ ಇದೇ ಗೊಂದಲ. ಇಸವಿಯ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದ್ ಟಂಕಸಾಲೆ, ವಜ್ರದ ಆಕಾರ ಇದ್ದರೆ ಮುಂಬೈ, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದು ವಿಳಾಸ, ದೋಷ ಅಲ್ಲ. ವೈಷ್ಣೋದೇವಿಯ ಚಿತ್ರ ಇರುವ ಐದು ರೂಪಾಯಿಗೆ ಲಕ್ಷ ಲಕ್ಷ ಅನ್ನೋದೂ ಗಾಳಿಮಾತು.

ಎರಡೂ ಕಡೆ ಒಂದೇ ಮುಖ ಇರುವ ನಾಣ್ಯ ಇದೆ ಅಂತ ಫೋನ್ ಮಾಡೋರು ತಿಂಗಳಿಗೆ ಇಬ್ಬರಾದರೂ ಇರ್ತಾರೆ. ನಮ್ಮ ರಾಮನಗರದಲ್ಲೇ ಚಿತ್ರೀಕರಣವಾದ 'ಶೋಲೆ' ಸಿನಿಮಾ ನೋಡಿದವರಿಗೆಲ್ಲ ಆ ನಾಣ್ಯದ ಆಸೆ. ಬಹುತೇಕ ಅವು ಜಾದೂಗಾರರಿಗೆ ಮಾಡಿದ್ದು. ಒಂದು ನಾಣ್ಯದ ಹೊಟ್ಟೆ ಕೊರೆದು ಇನ್ನೊಂದನ್ನ ತೆಳ್ಳಗೆ ಮಾಡಿ ಒಳಗೆ ಕೂರಿಸಿರ್ತಾರೆ. ಅಂಚಿನ ಒಳಬದಿಯಲ್ಲಿ ಕೂದಲೆಳೆಯಷ್ಟು ಸಂದು ಕಾಣ್ತದೆ. ಕಲ್ಲಿನ ಮೇಲೆ ಬೀಳಿಸಿದರೆ ಠಣ್ ಅನ್ನದೆ ಟಪ್ ಅಂತದೆ.

ಇಸವಿ ತಿದ್ದುವ ಕೈ

ಕೆಲವು ಇಸವಿಗೆ ನಿಜಕ್ಕೂ ಬೆಲೆ ಇದೆ. ಆರನೇ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿ ಬಹಳ ಅಪರೂಪ. ಅದಕ್ಕೇ 1938ರ ಕೊನೆಯ ಎಂಟನ್ನ ಒಂಬತ್ತು ಮಾಡೋ ಕೈಗಳು ಇವೆ. ಮೈಲಾಪುರದ ಜಾತ್ರೆಯಲ್ಲಿ ತಾಡಪತ್ರಿ ಮೇಲೆ ನಾಣ್ಯ ಹರಡಿಕೊಂಡು ಕೂತವನೊಬ್ಬನ ಬಳಿ ಅಂಥದ್ದೊಂದನ್ನ ನಾನು ಖುದ್ದು ಕೊಂಡಿದ್ದೆ. ಆಗ ನನಗೆ ಮೂವತ್ತು ವರ್ಷ, ಅರ್ಧ ತಿಂಗಳ ಸಂಬಳ ಹೋಯಿತು. ಮನೆಗೆ ಬಂದು ಹಗಲು ಬೆಳಕಿನಲ್ಲಿ ನೋಡಿದೆ. ಮೊದಲ ಮೂರು ಅಂಕಿ ನಾಣ್ಯದ ಮೈಯಿಂದಲೇ ಹುಟ್ಟಿದ ಹಾಗೆ ಇಳಿಜಾರಾಗಿ ಎದ್ದಿವೆ. ಕೊನೆಯದು ಮಾತ್ರ ಗೋಡೆಯಂತೆ ನೆಟ್ಟಗೆ ನಿಂತಿದೆ. ಅದರ ಸುತ್ತ ಮೈ ಸ್ವಲ್ಪ ತಗ್ಗಿದೆ, ಬಣ್ಣ ಬೇರೆ. ಇಸವಿ ತಿದ್ದಿದ ನಾಣ್ಯಕ್ಕೆ ಇದೇ ಲಕ್ಷಣ. ಅಂಕಿಯನ್ನ ಒಂದೇ ನೋಡಬೇಡಿ, ಪಕ್ಕದ ಅಂಕಿಗಳ ಜೊತೆ ಹೋಲಿಸಿ. ಆ ನಾಣ್ಯ ಈಗಲೂ ನನ್ನ ಬಳಿ ಇದೆ. ಯಾರಾದರೂ ಕಲೀಲಿಕ್ಕೆ ಬಂದರೆ ಮೊದಲು ಅದನ್ನೇ ಕೈಗೆ ಕೊಡ್ತೀನಿ.

ಹದಿನೇಳರಲ್ಲಿ ಒಂದು, ಹುಡುಗನ ತಂದೆ ಜಾತ್ರೆಯಿಂದ ತಂದದ್ದು. ತಾಮ್ರದ್ದು. ಒಂದು ಕಡೆ ರಾಮ, ಸೀತೆ, ಹನುಮಂತ. ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಬರಹ. ತಾಯಿ ದಿನಾ ಕುಂಕುಮ ಹಚ್ಚಿದ್ದಾರೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಇದನ್ನೇ ಕೆಲವರು ಅಕ್ಕಿ ಎಳೆಯುವ ನಾಣ್ಯ, 'ರೈಸ್ ಪುಲ್ಲಿಂಗ್' ಅಂತ ಕೋಟಿಯ ಆಸೆ ತೋರಿಸಿ ಮನೆ ಮುಳುಗಿಸ್ತಾರೆ. ಯಾವ ತಾಮ್ರವೂ ಅಕ್ಕಿ ಎಳೆಯೋದಿಲ್ಲ. 'ಇದನ್ನ ಪೂಜೆಗೆ ಇಟ್ಟುಕೊಳ್ರಿ ಅಮ್ಮಾ, ಮಾರಲಿಕ್ಕೆ ಹೋಗಬೇಡ್ರಿ' ಅಂದೆ.

ಪೀತಾಂಬರಿ, ಹುಣಸೆಹಣ್ಣು, ಬೂಟ್ ಪಾಲಿಶ್

ಇನ್ನು ಮೈ ಬದಲಾಯಿಸಿದ ನಾಣ್ಯಗಳು. ಟಂಕಸಾಲೆಯಿಂದ ಬಂದ ಬೆಳ್ಳಿಯನ್ನ ದೀಪದಡಿ ಮೆಲ್ಲಗೆ ತಿರುಗಿಸಿದರೆ ಬೆಳಕು ಬಂಡಿಗಾಲಿಯ ಅರೆಗಳಂತೆ ಸುತ್ತು ಹೊಡೀತದೆ. ಉಜ್ಜಿದ ನಾಣ್ಯ ಹಾಗಲ್ಲ, ಸ್ಟೀಲ್ ತಾಟಿನಂತೆ ಎಲ್ಲಾ ಕಡೆ ಒಂದೇ ಹೊಳಪು. ಭೂತಗನ್ನಡಿ ಹಿಡಿದರೆ ಕೂದಲೆಳೆಯಂಥ ನೂರಾರು ಗೀರು ಒಂದೇ ದಿಕ್ಕಿಗೆ ಓಡಿರ್ತಾವೆ. ಹಾಗೆ ಒಮ್ಮೆ ಹೋದ ಮೈ ಮತ್ತೆ ಬರೋದಿಲ್ಲ.

ಉಜ್ಜಿದ್ದು ಗೊತ್ತಾಗಬಾರದು ಅಂತ ಕೆಲವರು ಮತ್ತೆ ಕಪ್ಪು ಹಿಡಿಸ್ತಾರೆ. ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪಾಗ್ತದೆ. ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಇಟ್ಟರೂ ಸಾಕು. ಬೂಟ್ ಪಾಲಿಶ್ ಹಚ್ಚುವವರೂ ಇದ್ದಾರೆ. ವರ್ಷಗಳಲ್ಲಿ ತಾನಾಗಿ ಬಂದ ಕಪ್ಪು ಅಕ್ಷರದ ಸಂದುಗಳಲ್ಲಿ ಗಾಢ, ಕೈ ತಾಗುವ ಉಬ್ಬಿನಲ್ಲಿ ತೆಳು. ಹಚ್ಚಿದ ಕಪ್ಪು ಎಲ್ಲಾ ಕಡೆ ಒಂದೇ ಸಮ, ಗೀರಿನ ಒಳಗೂ ಇರ್ತದೆ. ಮೂಸಿ ನೋಡಿದರೂ ಎಷ್ಟೋ ಸಲ ತಿಳೀತದೆ.

ತಾಮ್ರದ ಕಿಲುಬಿನಲ್ಲಿ ಎರಡು ಬಗೆ. ಗಟ್ಟಿಯಾಗಿ ನಯವಾಗಿ ಅಂಟಿಕೊಂಡ ಕಡುಹಸಿರು ನಾಣ್ಯವನ್ನ ಕಾಯ್ತದೆ. ಅದನ್ನ ಕೆರೆಯಬೇಡಿ. ತಿಳಿ ಹಸಿರು ಪುಡಿ ಉದುರ್ತಿದ್ದರೆ ಅದು ರೋಗ, ಲೋಹವನ್ನ ತಿನ್ತಾ ಹೋಗ್ತದೆ. ಅಂಥದ್ದನ್ನ ಬೇರೆ ಇಟ್ಟು ತೇವ ತಾಗದಂತೆ ನೋಡಿಕೊಳ್ಳಿ. ಆದಿಲ್‌ಶಾಹಿ ಕಾಲದ ದಪ್ಪ ತಾಮ್ರದ ನಾಣ್ಯವೊಂದನ್ನ ನಾನೇ ಚಿಕ್ಕವನಿದ್ದಾಗ ಲಿಂಬೆಹುಳಿಯಲ್ಲಿ ರಾತ್ರಿಯೆಲ್ಲ ನೆನೆಹಾಕಿದ್ದೆ. ಬೆಳಿಗ್ಗೆ ಕೆಂಪಗೆ ಹೊಳೀತಿತ್ತು, ಬರಹ ಹೋಗಿತ್ತು. ಯಾವ ಸುಲ್ತಾನನದು ಅಂತ ಇನ್ನು ಯಾರಿಗೂ ಗೊತ್ತಾಗೋದಿಲ್ಲ.

ಮೂರನೇ ಕಲ್ದಾರ ಐದನೇ ಜಾರ್ಜ್ ದೊರೆಯದು. ದೊರೆಯ ಕಿರೀಟದ ಮೇಲಿನ ಅಂಚಿನಲ್ಲಿ ಬೂದು ಬಣ್ಣದ ಒಂದು ಒರಟು ಕಲೆ. ಅಲ್ಲಿ ಒಮ್ಮೆ ಕೊಂಡಿ ಬೆಸೆದಿದ್ದರು. ನಮ್ಮ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಒಡವೆಗಳಲ್ಲಿ, ಹಳ್ಳಿಯ ಹಳೆ ಕಾಸಿನ ಸರಗಳಲ್ಲಿ ಇಂಥ ರೂಪಾಯಿ ಎಷ್ಟೋ. ಸರದಿಂದ ಬಿಡಿಸಿ, ಅರ ಹಾಕಿ, ತೂತಿದ್ದರೆ ಬೆಳ್ಳಿ ತುಂಬಿ, ಸಾಮಾನ್ಯ ನಾಣ್ಯದಂತೆ ಮಾರ್ತಾರೆ. ಅಂಚಿನ ಗೀರುಗಳನ್ನ ಸುತ್ತಲೂ ಎಣಿಸುತ್ತಾ ಬನ್ನಿ. ಒಂದು ಕಡೆ ಗೀರು ತಪ್ಪಿದರೆ ಅಲ್ಲೇ ಬೆಸುಗೆ ಇತ್ತು. ಕಲೆ ತೋರಿಸಿದಾಗ ತಾಯಿ ನಾಣ್ಯವನ್ನ ಕೈಗೆ ತಗೊಂಡರು. ಅದು ಅತ್ತೆಯ ಕೊರಳ ಸರದ್ದಂತೆ. ಬರಗಾಲದ ವರ್ಷ ಸರ ಮಾರಿ ಒಂದೇ ಒಂದನ್ನ ಉಳಿಸಿಕೊಂಡಿದ್ದರಂತೆ.

ಯಾರೂ ಕೇಳದ ಹತ್ತನೇ ಚಾರ್‌ಮಿನಾರ್

ಚಾರ್‌ಮಿನಾರ್ ರೂಪಾಯಿ ಹತ್ತರಲ್ಲಿ ಒಂಬತ್ತು ಸಾಮಾನ್ಯ. ಮಧ್ಯದ ಕಮಾನಿನೊಳಗೆ ಒಂದು ಅಕ್ಷರ ಇರ್ತದೆ ನೋಡಿ. 'ಮೀಮ್' ಇದ್ದರೆ ಮಹಬೂಬ್ ಅಲಿ ಖಾನ್, 'ಐನ್' ಇದ್ದರೆ ಉಸ್ಮಾನ್ ಅಲಿ ಖಾನ್. ಇಸವಿ ಹಿಜರಿ. 1343 ಅಂತಿದ್ದರೆ 1924-25 ಅಂತ ತಿಳೀರಿ.

ಹತ್ತನೆಯದನ್ನ ತಿರುಗಿಸಿದಾಗ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದು ಕಡೆ ಚಾರ್‌ಮಿನಾರ್ ಎಂದಿನಂತೆ ಉಬ್ಬಾಗಿದೆ. ಇನ್ನೊಂದು ಕಡೆ ಬರಹ ಇರಬೇಕಲ್ಲ? ಅಲ್ಲೂ ಚಾರ್‌ಮಿನಾರ್. ಆದರೆ ತಗ್ಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು ಬಿಟ್ಟರೆ ಮುಂದಿನ ಬಿಲ್ಲೆಗೆ ಅಚ್ಚಿನ ಬದಲು ಆ ನಾಣ್ಯದ ಮುಖವೇ ಒತ್ತಿಕೊಳ್ತದೆ. ಹಾಗೆ ಹುಟ್ಟಿದ ನಾಣ್ಯ ಅದು.

ಇದನ್ನೂ ಖೊಟ್ಟಿ ಮಾಡ್ತಾರೆ. ಎರಡು ನಾಣ್ಯ ಜೋಡಿಸಿ ವೈಸಿನಲ್ಲಿ ಬಿಗಿದು ಒತ್ತಿದರೆ ತಗ್ಗು ಚಿತ್ರ ಮೂಡ್ತದೆ. ಆದರೆ ಆಗ ಹಳೆಯ ಬರಹದ ಗುರುತು ಅದರಡಿ ಉಳೀತದೆ, ಎದುರು ಮುಖ ಜಜ್ಜಿ ಚಪ್ಪಟೆಯಾಗ್ತದೆ. ಇದರಲ್ಲಿ ಎರಡೂ ಇರಲಿಲ್ಲ. ತಗ್ಗು ಚಿತ್ರ ಚೊಕ್ಕ, ಉಬ್ಬು ಚಿತ್ರ ಪೂರ್ತಿ, ತೂಕ ಸರಿ, ನೀರಿನ ಲೆಕ್ಕ ಸರಿ. ಅಸಲಿ ಟಂಕಸಾಲೆ ತಪ್ಪು. ಫೋನಿನವನು ಇದರ ಫೋಟೊ ನೋಡಿಯೂ ಒಂದು ಮಾತು ಕೇಳಿರಲಿಲ್ಲ. ಅವನಿಗೆ ನಾಣ್ಯ ಬೇಕಿರಲಿಲ್ಲ, ಶುಲ್ಕ ಬೇಕಿತ್ತು.

ಮೈ ಮಾತ್ರ ಉಜ್ಜಿ ಉಜ್ಜಿ ಹೊಳೀತಿತ್ತು. ಪ್ರತಿ ದೀಪಾವಳಿಗೆ ಲಕ್ಷ್ಮಿ ಪೂಜೆಗೆ ಹುಣಸೆಹಣ್ಣು, ಬೂದಿ ಹಾಕಿ ತೊಳೆದು ಇಡ್ತಿದ್ದರಂತೆ. ಮೂರು ದಿನದ ಹಿಂದೆಯೂ ತೊಳೆದಿದ್ದರು. 'ತಪ್ಪಾತೇನ್ರೀ ಮಾಸ್ತರ್ರೇ?' ಅಂತ ಕೇಳಿದರು. ಏನು ಹೇಳಲಿ? ಸಂಗ್ರಹಕಾರ ಅದಕ್ಕೆ ಕೊಡೋ ಬೆಲೆ ಇಳೀತು, ನಿಜ. ಆದರೆ ಆ ಮನೆಯಲ್ಲಿ ಅದು ಸಂಗ್ರಹ ಆಗಿರಲಿಲ್ಲ, ಲಕ್ಷ್ಮಿ ಆಗಿತ್ತು. 'ತಪ್ಪಲ್ಲ ಅಮ್ಮಾ. ಇನ್ನು ಮುಂದೆ ಪೂಜೆಗೆ ಬೇರೆ ಒಂದೆರಡು ಇಡ್ರಿ. ಇದನ್ನ ಹತ್ತಿ ಬಟ್ಟೆಯಾಗ ಸುತ್ತಿ ಹಾಗೇ ಬಿಡ್ರಿ' ಅಂದೆ.

ಎಂಟು ಲಕ್ಷ ಏನಾಯಿತು?

ಹುಡುಗನಿಗೆ ನಾನು ಮೊದಲು ಮಾಡಿಸಿದ್ದು ಒಂದೇ ಕೆಲಸ. 1930ಕ್ಕೆ ಫೋನ್ ಮಾಡಿಸಿ ಸೈಬರ್ ವಂಚನೆಯ ದೂರು ಬರೆಸಿದ್ದು. ಹಳೆ ನಾಣ್ಯ, ನೋಟು ಕೊಳ್ತೀವಿ ಅಂತ ಶುಲ್ಕ, ತೆರಿಗೆ, ಕಮಿಷನ್ ಕೇಳುವವರನ್ನ ನಂಬಬೇಡಿ, ನಾವು ಅಂಥ ಯಾವ ವ್ಯವಹಾರವನ್ನೂ ಮಾಡೋದಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ. ನಿಜವಾಗಿ ಕೊಳ್ಳುವವನು ನಿಮಗೆ ರೊಕ್ಕ ಕೊಡ್ತಾನೆ, ನಿಮ್ಮ ಬಳಿ ಕೇಳೋದಿಲ್ಲ. ಹೋದ ನಾಲ್ಕು ಸಾವಿರದ ಇನ್ನೂರು ಇನ್ನೂ ಬಂದಿಲ್ಲ. ಹನ್ನೆರಡು ಸಾವಿರದ ಸಾಲ ತಪ್ಪಿತು.

ಇವು ಮನೆಯ ಸಂದೂಕದಲ್ಲಿ ಇದ್ದವು. ಹೊಲ ಉಳುವಾಗ, ಅಡಿಪಾಯ ತೋಡುವಾಗ ಸಿಕ್ಕರೆ ಮಾತೇ ಬೇರೆ. ನೆಲದೊಳಗೆ ಸಿಕ್ಕ ನಿಧಿಯನ್ನ ಜಿಲ್ಲಾಡಳಿತಕ್ಕೆ ತಿಳಿಸಬೇಕು ಅಂತ ಕಾನೂನಿದೆ. 1878ರ ಕೇಂದ್ರ ಕಾಯ್ದೆಯಲ್ಲೂ ಇದೆ, ನಮ್ಮ ರಾಜ್ಯದ 1962ರ ಕಾಯ್ದೆಯಲ್ಲೂ ಇದೆ. ನೂರು ವರ್ಷ ದಾಟಿದ ನಾಣ್ಯವನ್ನ ದೇಶದ ಹೊರಗೆ ಮಾರೋದು 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಹೆದರಿಕೆಗಷ್ಟೇ ಹೇಳ್ತಿಲ್ಲ. ನಮ್ಮ ಪಕ್ಕದ ಸನ್ನತಿ, ಕನಗನಹಳ್ಳಿಯಲ್ಲಿ ಸಾತವಾಹನರ ನಾಣ್ಯಗಳು ಸಿಕ್ಕಿವೆ. ಸೀಸದವೂ ಇವೆ. ಕರಗಿಸಿದರೆ ನಾಲ್ಕು ಕಾಸು ಬರೋದಿಲ್ಲ. ಆದರೆ ಯಾವ ಮಣ್ಣಿನ ಪದರಿನಲ್ಲಿ, ಯಾವ ಗೋಡೆಯ ಪಕ್ಕ ಸಿಕ್ಕಿತು ಅನ್ನೋದು ಆ ಗೋಡೆಯ ಕಾಲವನ್ನೇ ಹೇಳ್ತದೆ. 1705ರಲ್ಲಿ ಔರಂಗಜೇಬ ತಾನೇ ಬಂದು ವಾಗಿನಗೇರಿಯ ಕೋಟೆಗೆ ಮುತ್ತಿಗೆ ಹಾಕಿ, ಆಮೇಲೆ ದೇವಾಪುರದಲ್ಲಿ ತಿಂಗಳುಗಟ್ಟಲೆ ಡೇರೆ ಹೂಡಿದ್ದ. ಆ ಹೊಲಗಳಲ್ಲಿ ನಾಳೆ ಒಂದು ಮೊಘಲ್ ರೂಪಾಯಿ ಸಿಕ್ಕರೆ, ಸಿಕ್ಕ ಜಾಗ ಗೊತ್ತಿದ್ದರೆ ಅದು ಚರಿತ್ರೆ. ಇಲ್ಲದಿದ್ದರೆ ಬರೀ ಹನ್ನೊಂದು ಗ್ರಾಂ ಬೆಳ್ಳಿ.

ಕೊನೆಗೆ ಆ ಮನೆಯವರು ಎಂಟು ಸಾಮಾನ್ಯ ಚಾರ್‌ಮಿನಾರ್, ಚುಕ್ಕೆಯ ಎರಡು ಕಲ್ದಾರ ಮಾರಿದರು. ಮೂರು ಕಡೆ ವಿಚಾರಿಸಿ, ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆಯೇ ಬಂತು. ಲಕ್ಷ ಅಲ್ಲ. ಮದುವೆಯ ಬಟ್ಟೆಬರೆಗೆ ಆಯಿತು ಅಂದರು. ಮೈಮೇಲೆ ಕೊಂಡಿಯ ಕಲೆ ಇದ್ದ ರೂಪಾಯಿಗೆ ಮತ್ತೆ ಕೊಂಡಿ ಬೆಸೆಸಿ ಮದುಮಗಳ ಕೊರಳಿಗೆ ಹಾಕಿದ್ದರು. ನಾನು ಅಕ್ಷತೆ ಹಾಕಲು ಹೋದಾಗ ನೋಡಿದೆ. ಎರಡು ಮುಖದ ಚಾರ್‌ಮಿನಾರ್ ಹುಡುಗನ ಬಳಿ ಇದೆ. ಒಂದು ಭೂತಗನ್ನಡಿಯನ್ನೂ ಕೊಂಡುಕೊಂಡಿದ್ದಾನೆ.

ನಿಮ್ಮ ಮನೆಯ ಸಂದೂಕದಲ್ಲಿ ಹಳೆ ನಾಣ್ಯ ಇದ್ದರೆ ಇಷ್ಟು ಮಾಡಿ. ತೊಳೆಯಬೇಡಿ. ಅಂಚು ಹಿಡಿದು ಎತ್ತಿ, ಮುಖ ಮುಟ್ಟಬೇಡಿ. ತೂಗಿ, ಆಮೇಲೆ ನೋಡಿ. ಯಾರಿಗೂ ಮುಂಗಡ ಕಳಿಸಬೇಡಿ. ಮತ್ತೆ, ಮನೆಯ ಹಿರಿಯರು ಇನ್ನೂ ಇದ್ದರೆ, ಇದು ಎಲ್ಲಿಂದ ಬಂತು ಅಂತ ಇವತ್ತೇ ಕೇಳಿ ಬರೆದಿಡಿ. ನಾಣ್ಯ ಇನ್ನೂ ನೂರು ವರ್ಷ ಇರ್ತದೆ. ಅದರ ಕಥೆ ಹೇಳೋರು ಇರೋದಿಲ್ಲ.